ಮನುಷ್ಯರ ಕೈ ಸೋಕದ ಮೈದಾನ

ಮೈದಾನದ ಕೆಲಸದಲ್ಲಿ ಮೊದಲು ಹೋಗುವುದು ಮೊಣಕಾಲು. ಆಮೇಲೆ ಸೊಂಟ. ಹುಲ್ಲಿನ ನಡುವೆ ಎದ್ದ ಕಳೆಯನ್ನು ಕೂತೇ ಕೀಳಬೇಕು, ಬಗ್ಗಿ ಕಿತ್ತರೆ ಬೇರು ಒಳಗೇ ಉಳಿಯುತ್ತದೆ. ಹಾಗೆ ಕುಕ್ಕರಗಾಲಲ್ಲಿ ಈ ತುದಿಯಿಂದ ಆ ತುದಿಗೆ ತೆವಳಿ ತೆವಳಿ, ನಮ್ಮ ಸಾಲುಮನೆಯ ಹೆಂಗಸರೆಲ್ಲ ನಡೆಯುವಾಗ ಒಂದೇ ತರಹ ವಾಲುತ್ತೇವೆ. ದೂರದಿಂದ ನೋಡಿದವರು ಒಂದೇ ತಾಯಿಯ ಮಕ್ಕಳೇನೋ ಅಂದುಕೊಳ್ಳಬೇಕು. ಸುಣ್ಣದ ಗೆರೆ ಎಳೆದು ಎಳೆದು ಬೆರಳ ಸಂದಿ ಬಿರಿದಿದೆ. ನೀರಿನ ಪೈಪು ಹೊತ್ತು ಹೆಗಲು ಜಡ್ಡುಗಟ್ಟಿದೆ. ಹುಲ್ಲು ಮಾತ್ರ ಹಸಿರಾಗಿ, ಮೆತ್ತಗೆ ಇರುತ್ತಿತ್ತು. ಅದರ ಮೇಲೆ ಓಡುವ ಆಟಗಾರರು ಬಿದ್ದರೂ ಮೊಣಕಾಲು ತರಚುತ್ತಿರಲಿಲ್ಲ. ತರಚಬೇಕಾದ್ದನ್ನೆಲ್ಲ ನಾವು ಮೊದಲೇ ತರಚಿಸಿಕೊಂಡಿದ್ದೆವು.

ಮೈದಾನದ ಪೂರ್ವದ ಗ್ಯಾಲರಿಯ ಬೆನ್ನಿಗೆ ನಮ್ಮ ಸಾಲುಮನೆ. ಮನೆಗೊಂದು ಕೋಣೆ, ಕೋಣೆಗೊಂದು ಒಲೆ, ಹೊರಗೆ ಎಲ್ಲರಿಗೂ ಸೇರಿ ಒಂದು ನಲ್ಲಿ. ಕೆಲಸ ಇರುವ ತನಕ ಮನೆ. ಕೆಲಸ ಹೋದರೆ ಮನೆಯೂ ಹೋಯಿತು. ನಾನು ಮದುವೆಯಾಗಿ ಬಂದಾಗ ಅತ್ತೆ ಇದೇ ಕೋಣೆಯಲ್ಲಿದ್ದರು, ಇದೇ ಕಳೆ ಕೀಳುತ್ತಿದ್ದರು. ಈಗ ಅಲ್ಲಿ ನಾನು, ಪಂಪು ನೋಡಿಕೊಳ್ಳುವ ನನ್ನ ಗಂಡ, ನಮ್ಮ ಮಗಳು, ಮತ್ತು ನನ್ನ ನಾದಿನಿ. ನಾದಿನಿಯನ್ನು ಎಲ್ಲರೂ ಗುಬ್ಬಿ ಅನ್ನುತ್ತಾರೆ. ಮೂವತ್ತು ದಾಟಿದ್ದರೂ ಶಾಲೆಗೆ ಹೋಗುವ ಹುಡುಗಿಯ ಮೈಕಟ್ಟು. ಸಣ್ಣದಾಗಿ ಹುಟ್ಟಿ ಸಣ್ಣದಾಗಿಯೇ ಉಳಿದಳು. ನಾಲಿಗೆ ಮಾತ್ರ ಆಳೆತ್ತರ.

ಇಂಥ ನಮ್ಮ ಮೈದಾನಕ್ಕೆ ಯೋಗ ಕೂಡಿ ಬಂತು. ಜಗತ್ತಿನ ಎಲ್ಲ ದೇಶಗಳವರು ಬಂದು ಆಡುವ ದೊಡ್ಡ ಕ್ರೀಡಾಕೂಟವನ್ನು ನಮ್ಮಲ್ಲೇ ನಡೆಸಬೇಕೆಂದು ಮೇಲಿನವರು ಆಸೆಪಟ್ಟರು. ಆದರೆ ಕೇಳಿದ ಕೂಡಲೇ ಕೊಡುವುದಿಲ್ಲವಂತೆ. ಇನ್ನೂ ಕೆಲವು ದೇಶಗಳು ಸಾಲಿನಲ್ಲಿ ನಿಂತಿದ್ದವಂತೆ. ಬಾಡಿಗೆಗೆ ಮನೆ ನೋಡಲು ಬರುವವರು ನಲ್ಲಿ ತಿರುಗಿಸಿ, ಬಾಗಿಲು ತಳ್ಳಿ ನೋಡುತ್ತಾರಲ್ಲ, ಹಾಗೆ ಹೊರದೇಶದಿಂದ ಒಂದು ತಂಡ ಬಂದು ಎಲ್ಲರ ಮೈದಾನವನ್ನೂ ನೋಡುತ್ತದಂತೆ. ಹಿಂದೆಲ್ಲ ನೀರಿದೆಯಾ, ನೆಲ ಸಮ ಇದೆಯಾ ಎಂದು ಕೇಳುತ್ತಿದ್ದರಂತೆ. ಈಗ ಅವರು ಮೊದಲು ಕೇಳುವುದು ನಿಮ್ಮಲ್ಲಿ ಎಂತೆಂಥ ಯಂತ್ರಗಳಿವೆ ಎಂದು.

ಕೇಳುವುದೇ ತಡ, ನಮ್ಮಲ್ಲಿ ಒಂದು ಆತಿಥ್ಯ ಸಮಿತಿ ಆಯಿತು. ಅದಕ್ಕೊಬ್ಬ ಕಾರ್ಯದರ್ಶಿ ಸಾಹೇಬರು ಬಂದರು. ಒಳ್ಳೆಯ ಮನುಷ್ಯ. ನಮ್ಮ ಹುಲ್ಲಿನ ಮೇಲೆ ಎಷ್ಟು ಗೌರವವೆಂದರೆ ಒಂದು ದಿನವೂ ಅದರ ಮೇಲೆ ಕಾಲಿಡಲಿಲ್ಲ, ಸಿಮೆಂಟಿನ ದಾರಿಯಲ್ಲೇ ನಿಂತು ಕೈ ತೋರಿಸುತ್ತಿದ್ದರು. ಅವರು ಬಂದ ಮೇಲೆ ಕಂಬ ಕಂಬಕ್ಕೂ ಕ್ಯಾಮೆರಾ ಬಂತು. ಚೆಂಡು ಗೆರೆಯಿಂದ ಕೂದಲೆಳೆಯಷ್ಟು ಆಚೆ ಬಿದ್ದರೂ ಹಿಡಿದು ತೋರಿಸುವ ಕ್ಯಾಮೆರಾ. ಓಟಗಾರನ ಹೆಬ್ಬೆರಳು ಮೊದಲು ದಾಟಿತೋ ಮೂಗು ಮೊದಲು ದಾಟಿತೋ ಹೇಳುವ ಕ್ಯಾಮೆರಾ. ದೊಡ್ಡ ಗೇಟಿಗೂ ಒಂದು ಹಾಕಿದರು, ಮುಖ ನೋಡಿ ತಾನೇ ಬಾಗಿಲು ತೆರೆಯುವಂಥದ್ದು. ಅದಕ್ಕೆ ಸಾಹೇಬರ ಮುಖ ಗೊತ್ತಾಯಿತು, ಯಂತ್ರಗಳನ್ನು ನೋಡಿಕೊಳ್ಳಲು ಅವರ ಜೊತೆ ಬಂದ ಎಂಜಿನಿಯರ್ ಮುಖ ಗೊತ್ತಾಯಿತು, ಸಾಹೇಬರ ಡ್ರೈವರ್ ಮುಖವೂ ಗೊತ್ತಾಯಿತು. ನಮ್ಮ ಮುಖ ಮಾತ್ರ ಗೊತ್ತಾಗಲಿಲ್ಲ. ಯಾರೋ ಸೇರಿಸುವುದು ಮರೆತರಂತೆ. ನಾವು ಹಿಂದಿನ ಗೋಡೆಯ ಸಂದಿಯಿಂದ ಕೆಲಸಕ್ಕೆ ಬರತೊಡಗಿದೆವು.

ಒಂದು ಬೆಳಿಗ್ಗೆ ಸಮಿತಿಯ ಕೋಣೆ ಗುಡಿಸುವ ಪಾಳಿ ನನ್ನದು. ಎಂಜಿನಿಯರ್ ಒಳ್ಳೇ ಖುಷಿಯಲ್ಲಿದ್ದ. ಬನ್ನಿ ಅಕ್ಕ, ನಿಮ್ಮ ಮೈದಾನ ಮುಂದೆ ಹೇಗಾಗುತ್ತೆ ನೋಡಿ ಎಂದು ಕಣ್ಣಿಗೆ ಕಟ್ಟಿಕೊಳ್ಳುವ ಒಂದು ಪೆಟ್ಟಿಗೆ ಕೊಟ್ಟ. ಕಟ್ಟಿಕೊಂಡೆ. ಅಬ್ಬಾ, ಗಾಜಿನ ಗೋಪುರಗಳು, ಬೆಳಕಿನ ದಾರಿಗಳು! ತಲೆ ತಿರುಗಿಸಿದ ಕಡೆಗೆ ಊರೂ ತಿರುಗುತ್ತಿತ್ತು. ಸರಿ, ನಮ್ಮ ಮನೆ ಹೇಗೆ ಕಾಣುತ್ತದೆ ನೋಡೋಣ ಎಂದು ಪೂರ್ವಕ್ಕೆ ತಿರುಗಿದೆ. ಅಲ್ಲಿ ಒಂದು ಕೆರೆ ಇತ್ತು. ನೀಲಿ ನೀರು, ಸುತ್ತ ಬೆಂಚುಗಳು. ಸರಿಯಾಗಿ ನನ್ನ ಒಲೆ ಇರುವ ಜಾಗದಲ್ಲಿ ಎರಡು ಬಿಳಿ ಬಾತುಕೋಳಿ ಈಜುತ್ತಿದ್ದವು.

ಪೊರಕೆ ಅಲ್ಲೇ ಬಿಟ್ಟು ಮೇಸ್ತ್ರಿಯ ಹತ್ತಿರ ಹೋದೆ. ಮೇಸ್ತ್ರಿ ಎಂದರೆ ನಮ್ಮ ಮೇಲಿನವನು. ಅವನದೂ ಅದೇ ಸಾಲುಮನೆ, ಕೊನೆಯ ಕೋಣೆ, ಕಿಟಕಿ ಒಂದು ಹೆಚ್ಚು.

“ನಮ್ಮನೆ ಮೇಲೆ ಬಾತುಕೋಳಿ ಈಜ್ತಿದೆಯಲ್ಲ ಮೇಸ್ತ್ರಿ?” ಎಂದೆ.

“ಅದು ಚಿತ್ರ ಕಣಮ್ಮ. ಚಿತ್ರದಲ್ಲಿ ಏನ್ ಬೇಕಾದ್ರೂ ಈಜುತ್ತೆ.”

ಆದರೂ ಅವನಿಗೂ ಒಳಗೊಳಗೇ ಪುಕುಪುಕು. ಎಲ್ಲರನ್ನೂ ಕರೆದುಕೊಂಡು ಸಾಹೇಬರ ಮುಂದೆ ನಿಲ್ಲಿಸಿದ. ಸಾಹೇಬರು ನಗುತ್ತಲೇ ಸಮಾಧಾನ ಹೇಳಿದರು. ಕೂಟ ನಮಗೆ ಸಿಕ್ಕಿಬಿಟ್ಟರೆ ಈ ಮನೆಗಳನ್ನು ನಮ್ಮ ನಮ್ಮ ಹೆಸರಿಗೇ ಮಾಡಿಸಿಕೊಡುವುದಾಗಿ ಮಾತು ಕೊಟ್ಟರು. ಮೈದಾನವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಿ, ಮಿಕ್ಕಿದ್ದು ನನಗೆ ಬಿಡಿ ಎಂದರು. ನಾವು ನಂಬಿದೆವು. ನಮ್ಮನ್ನು ಬೆಪ್ಪುತಕ್ಕಡಿಗಳು ಅನ್ನುತ್ತೀರೇನೋ, ಅನ್ನಿ. ಎದುರಿಗೆ ನಿಂತು ನಗುತ್ತಾ ಮಾತು ಕೊಡುವವರನ್ನು ನಂಬದೆ ಇರಲು ನಮಗೆ ಯಾರೂ ಕಲಿಸಿರಲಿಲ್ಲ.

ಅದಾದ ಮೇಲೆ ಬಂದದ್ದು ಆ ಯಂತ್ರ. ತಾನೇ ತಾನಾಗಿ ಓಡಾಡಿ ಹುಲ್ಲು ಕತ್ತರಿಸುವ ಯಂತ್ರ. ಮೈದಾನದಲ್ಲಿ ಎಲ್ಲಿ ಹುಲ್ಲು ಎತ್ತರ ಇದೆ, ಎಲ್ಲಿ ಕಡಿಮೆ ಇದೆ ಎಂದು ಅದಕ್ಕೇ ತಿಳಿಯುತ್ತದಂತೆ. ಲಾರಿಯಿಂದ ಇಳಿಸಿದಾಗ ನೋಡಿದೆವು, ಬೆಳ್ಳಗೆ, ಉರುಟಾಗಿ, ಎತ್ತಿನ ಬೆನ್ನಷ್ಟು ಎತ್ತರ. ಬೇರೆ ಯಾವ ದೇಶದ ಹತ್ತಿರವೂ ಇಂಥದ್ದು ಇಲ್ಲವೆಂದು ಸಾಹೇಬರು ಪತ್ರಿಕೆಯವರಿಗೆ ಆಗಲೇ ಹೇಳಿಬಿಟ್ಟಿದ್ದರು. ಮಾಲೆಯೊಂದು ಹಾಕಿರಲಿಲ್ಲ, ಅಷ್ಟೆ.

ಎಂಜಿನಿಯರ್ ಗುಂಡಿ ಒತ್ತಿದ. ಯಂತ್ರ ಮಿಸುಕಾಡಲಿಲ್ಲ. ಇನ್ನೊಮ್ಮೆ ಒತ್ತಿದ. ದೀಪ ಹತ್ತಿತು, ಆರಿತು. ಸಾಹೇಬರು ಸಿಮೆಂಟಿನ ದಾರಿಯ ಮೇಲಿಂದಲೇ ಏನಯ್ಯಾ ಎಂದು ಕೇಳಿದರು. ಎಂಜಿನಿಯರ್ ಹೊಟ್ಟೆಯ ಮುಚ್ಚಳ ತೆಗೆದು ಒಳಗೆ ಇಣುಕಿದ. ಒಳಗೆ ಒಂದು ಗೂಡು, ಖಾಲಿ. ಯಂತ್ರವನ್ನು ಓಡಿಸುವ ಮಿದುಳು ಅಲ್ಲಿ ಇರಬೇಕಿತ್ತಂತೆ. ಕಳಿಸಿದ ಕಂಪನಿಯವರು ಮೈಯನ್ನು ಕಳಿಸಿ ಮಿದುಳನ್ನು ಉಳಿಸಿಕೊಂಡಿದ್ದರು. ಏನೋ ತಕರಾರು, ಯಾರಿಗೋ ಏನೋ ಸೇರಬೇಕಾದ್ದು ಸೇರಿರಲಿಲ್ಲ. ತಂಡದವರು ಬರುವುದು ಬರುವ ವಾರವೇ. ಸಾಹೇಬರು ತಲೆಯ ಮೇಲೆ ಕೈ ಹೊತ್ತರು. ಆಗ ಎಂಜಿನಿಯರ್, ಒಳಗೆ ಪರೀಕ್ಷೆಗೆಂದು ಕೈಯಲ್ಲಿ ತಿರುಗಿಸುವ ಒಂದು ಹಿಡಿ ಇದೆ, ಅದರಿಂದ ಓಡಿಸಬಹುದು, ಆದರೆ ಒಳಗೆ ಯಾರು ಹಿಡಿಸುತ್ತಾರೆ ಎಂದ.

ಸಾಹೇಬರು ನಮ್ಮ ಕಡೆ ನೋಡಿದರು. ಒಬ್ಬೊಬ್ಬರನ್ನೇ ಅಳೆಯುತ್ತಾ ಬಂದು ಅವರ ಕಣ್ಣು ಗುಬ್ಬಿಯ ಮೇಲೆ ನಿಂತಿತು.

“ಇವಳು ಹಿಡಿಸ್ತಾಳೆ” ಎಂದರು.

ಅಂದಿನಿಂದ ಗುಬ್ಬಿ ಯಂತ್ರದ ಮಿದುಳಾದಳು. ಮಂಡಿಯನ್ನು ಗಲ್ಲಕ್ಕೆ ತಾಗಿಸಿ ಕೂರಬೇಕು. ಎದುರಿಗೆ ಬೆರಳಗಲದ ಒಂದು ಸೀಳು, ಅದರಲ್ಲೇ ನೋಡಬೇಕು. ಹೊರಗಿನಿಂದ ಮುಚ್ಚಳ ಹಾಕಿ ಚಿಲಕ ಜಡಿಯುತ್ತಾರೆ. ಮೋಟಾರು ಬೆನ್ನ ಹಿಂದೆಯೇ. ಬಿಸಿಗೆ ಏನು ಮಾಡುವುದು ಎಂದು ನಾನು ಕೇಳಿದೆ. ಅಲ್ಲಿ ಒಂದು ಫ್ಯಾನ್ ಇರುತ್ತದಂತೆ, ಮಿದುಳು ಕಾದು ಹೋಗಬಾರದೆಂದು. ಆದರೆ ಅದು ಮಿದುಳಿನ ಜೊತೆಗೇ ಬರಬೇಕಿತ್ತಂತೆ. ನಾನು ಒಂದು ಒದ್ದೆ ಬಟ್ಟೆ ತಂದು ಅವಳ ತಲೆಗೆ ಸುತ್ತಿದೆ.

ಮೊದಲ ದಿನ ಹೊರಗೆ ತೆಗೆದಾಗ ಅವಳ ಮೈಯೆಲ್ಲ ಬೆಂದ ಹಾಗೆ ಕೆಂಪಾಗಿತ್ತು. ಬೆನ್ನಲ್ಲಿ ಬೊಬ್ಬೆ ಎದ್ದಿತ್ತು. ತಣ್ಣೀರ ಬಟ್ಟೆ ಹಾಕುತ್ತಾ, ಬೇಡ ಕಣೇ ಅಂದೆ.

“ಮನೆ ನಮ್ಮ ಹೆಸರಿಗಾಗುತ್ತೆ ಅಂದಿದಾರಲ್ಲ ಅತ್ತಿಗೆ. ಎಲ್ಲಾ ಒಂದು ವಾರದ ಮಾತು” ಎಂದಳು. ಆಮೇಲೆ ನಕ್ಕು, ಓದು ಬರಹ ಬಾರದವಳಿಗೆ ಒಂದೇ ಸಲಕ್ಕೆ ಮಿದುಳಿನ ಕೆಲಸ ಸಿಕ್ಕಿದೆ, ಬಿಡೋದು ಹೇಗೆ ಎಂದಳು.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಮೈದಾನದಲ್ಲಿ ಟಿಟ್ಟಿಭ ಹಕ್ಕಿಗಳಿವೆ. ಅವು ಗೂಡು ಕಟ್ಟುವುದಿಲ್ಲ, ಬಯಲ ನೆಲದಲ್ಲೇ ಮೊಟ್ಟೆ ಇಡುತ್ತವೆ. ಮಣ್ಣಿನ ಬಣ್ಣದ, ಚುಕ್ಕೆ ಚುಕ್ಕೆಯ ಮೊಟ್ಟೆ. ಹತ್ತಿರ ಹೋದರೆ ಉದ್ದ ಕಾಲಿನ ಆ ಹಕ್ಕಿ ರೆಕ್ಕೆ ಬಿಚ್ಚಿ, ಎದುರಿಗೆ ನಿಂತು, ಯಾರಾದರೇನು ಎಂದು ಬೈದುಬಿಡುತ್ತದೆ. ಅತ್ತೆಯ ಕಾಲದಿಂದಲೂ ನಮ್ಮಲ್ಲಿ ಒಂದು ರೂಢಿ. ಮೊಟ್ಟೆ ಕಂಡವರು ಪಕ್ಕದಲ್ಲಿ ಒಂದು ಕಡ್ಡಿ ನೆಡಬೇಕು. ಕಡ್ಡಿ ಇದ್ದ ಕಡೆ ಸುತ್ತ ಒಂದು ಮಾರು ಹುಲ್ಲು ಬಿಟ್ಟು ಕತ್ತರಿಸಬೇಕು, ಮರಿ ಎದ್ದು ಹೋಗುವ ತನಕ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಮಕ್ಕಳೊಂದಿಗಳಾದ ಹೆಂಗಸು ಬಾಗಿಲಲ್ಲಿ ನಿಂತು ಬೈಯುವಾಗ ಸುಮ್ಮನೆ ಬೇರೆ ದಾರಿ ಹಿಡಿಯುತ್ತೀರಲ್ಲ, ಹಾಗೆ.

ತಂಡದವರು ಬರುವ ಬೆಳಿಗ್ಗೆ ಮೇಸ್ತ್ರಿ ನಮ್ಮನ್ನೆಲ್ಲ ಪಡುವಣ ಗ್ಯಾಲರಿಯ ಕೆಳಗಿನ ಉಗ್ರಾಣಕ್ಕೆ ತುಂಬಿ ಬೀಗ ಹಾಕಿದ. ಯಾರೂ ಕಾಣಬಾರದೆಂದು ಸಾಹೇಬರ ಅಪ್ಪಣೆ. ಪೈಪುಗಳು, ಸುಣ್ಣದ ಚೀಲಗಳು, ನಾವು. ಜಾಲರಿ ಕಿಟಕಿಯಿಂದ ಮೈದಾನ ಕಾಣುತ್ತಿತ್ತು, ಮೈಕಿನ ಮಾತು ಕೇಳುತ್ತಿತ್ತು. ಮೊಟ್ಟೆಯ ಪಕ್ಕ ನಾವು ನೆಟ್ಟಿದ್ದ ಕಡ್ಡಿಗಳನ್ನೂ ಮೇಸ್ತ್ರಿ, ಮೈದಾನ ಚೊಕ್ಕಟವಾಗಿ ಕಾಣಲಿ ಎಂದು, ಕಿತ್ತು ಬಿಸಾಕಿದ್ದ. ಹಕ್ಕಿ ಅಲ್ಲೇ ಕಾವು ಕೂತಿತ್ತು.

ತಂಡದ ಮುಖ್ಯಸ್ಥೆ ಬೆಳ್ಳಿಕೂದಲಿನ ಒಬ್ಬ ಮೇಡಂ. ಎತ್ತರದ ಹೆಂಗಸು, ಕೈಕಟ್ಟಿ ನಿಂತು ಎಲ್ಲವನ್ನೂ ಕೇಳುತ್ತಿದ್ದರು. ಅವರ ಭಾಷೆ ಸಾಹೇಬರಿಗೆ ಬಾರದು, ಇವರದು ಅವರಿಗೆ ಬಾರದು. ನಡುವೆ ಒಬ್ಬ ದುಭಾಷಿ ಹುಡುಗಿ. ಸಾಹೇಬರು ಎಷ್ಟು ಉದ್ದ ಭಾಷಣ ಮಾಡಿದರೂ ಆ ಹುಡುಗಿ ಎರಡೇ ಮಾತಲ್ಲಿ ಮುಗಿಸುತ್ತಿದ್ದಳು. ಬಹುಶಃ ಅದರಲ್ಲಿ ಇದ್ದದ್ದೇ ಅಷ್ಟು. ಇಲ್ಲಿ ಕೆಲಸ ಮಾಡುವವರು ಎಲ್ಲಿ ಎಂದು ಮೇಡಂ ಕೇಳಿದರಂತೆ. ಸಾಹೇಬರು ಎದೆ ಉಬ್ಬಿಸಿದರು.

“ಆಳುಗಳೇ ಇಲ್ಲ ಮೇಡಂ. ಇದು ಮನುಷ್ಯರ ಕೈ ಸೋಕದ ಮೈದಾನ.”

ಉಗ್ರಾಣದಲ್ಲಿ ನನ್ನ ಪಕ್ಕ ನಿಂತಿದ್ದ ಮುದುಕಿ ತನ್ನ ಕೈಯನ್ನು ಮುಂದೆ ಚಾಚಿ, ತಿರುಗಿಸಿ ನೋಡಿಕೊಂಡಳು. ಹಾಗಾದರೆ ಇದು ಯಾರ ಕೈ ಎಂದು ಕೇಳಿದಳು. ನಗಬಾರದು ಎಂದರೂ ನಗು ಬಂತು.

ಯಂತ್ರ ಹೊರಟಿತು. ಗುಬ್ಬಿ ಚೆನ್ನಾಗಿಯೇ ಓಡಿಸಿದಳು. ಗೆರೆ ಎಳೆದ ಹಾಗೆ ಹೋಗಿ, ತುದಿಯಲ್ಲಿ ತಿರುಗಿ, ಮತ್ತೆ ಬಂದಳು. ಚಪ್ಪಾಳೆ ಬಿತ್ತು. ಆಮೇಲೆ ಯಂತ್ರ ಹಕ್ಕಿಯ ಕಡೆಗೆ ಹೊರಟಿತು. ನಾವೆಲ್ಲ ಜಾಲರಿಗೆ ಮುಖ ಒತ್ತಿದೆವು. ಬೆರಳಗಲದ ಸೀಳಿನಲ್ಲಿ ಅವಳಿಗೆ ಕಾಣುತ್ತದೋ ಇಲ್ಲವೋ. ಹಕ್ಕಿ ಎದ್ದು ನಿಂತಿತು, ರೆಕ್ಕೆ ಬಿಚ್ಚಿತು, ಬೈಯತೊಡಗಿತು. ಯಂತ್ರ ಇನ್ನೇನು ಮೇಲೆ ಹೋಯಿತು ಅನ್ನುವಾಗ ಗಕ್ಕನೆ ನಿಂತಿತು. ಹಿಂದಕ್ಕೆ ಸರಿಯಿತು. ಒಂದು ಮಾರು ಜಾಗ ಬಿಟ್ಟು, ಹಕ್ಕಿಯ ಸುತ್ತ ನಿಧಾನವಾಗಿ ಸುತ್ತು ಹಾಕಿ, ಮತ್ತೆ ತನ್ನ ಗೆರೆಗೆ ಬಂತು. ಕತ್ತರಿಸಿದ ಬಯಲಿನ ನಡುವೆ ಉರುಟಾಗಿ ಒಂದು ಹುಲ್ಲಿನ ತಟ್ಟೆ, ಅದರೊಳಗೆ ಹಕ್ಕಿ.

ಸಾಹೇಬರ ಮುಖ ಬಿಳಚಿಕೊಂಡಿತು. ಯಂತ್ರ ಹುಲ್ಲು ಬಿಟ್ಟರೆ ಅದು ಕೆಟ್ಟಿದೆ ಎಂದೇ ಅರ್ಥ. ಆದರೆ ಮೇಡಂ ಎರಡೂ ಕೈಯನ್ನು ಕೆನ್ನೆಗೆ ಒತ್ತಿಕೊಂಡಿದ್ದರು. ಅವರ ಜೊತೆಯವರೆಲ್ಲ ಫೋಟೋ ತೆಗೆಯುತ್ತಿದ್ದರು. ಇದು ಹೇಗೆ ಸಾಧ್ಯ, ಎಂಥ ಮಿದುಳು ಇದು ಎಂದು ಕೇಳಿದರಂತೆ. ಸಾಹೇಬರಿಗೆ ಹೋದ ಜೀವ ಬಂತು. ಪಕ್ಷಿ ಸಂರಕ್ಷಣೆ ಮೇಡಂ, ಅದನ್ನು ನಾವು ವಿಶೇಷವಾಗಿ ಕೂಡಿಸಿದ್ದೇವೆ ಎಂದು ಒಂದು ಅರೆಕ್ಷಣವೂ ತಡವರಿಸದೆ ಹೇಳಿದರು. ಸುಳ್ಳಿಗೆ ಮಿದುಳು ಬೇಕಾದಾಗ ನಮ್ಮ ಸಾಹೇಬರದು ಯಾವ ಯಂತ್ರಕ್ಕೂ ಕಡಿಮೆ ಇಲ್ಲ.

ಮೇಡಂ ಹತ್ತಿರ ಬಂದು ಯಂತ್ರದ ಬೆನ್ನು ತಟ್ಟಿದರು. ಹೊಟ್ಟೆಯ ಕೆಳಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದೇನು ಎಂದು ಕೇಳಿದರು. ಸಾಹೇಬರೇ ಉತ್ತರ ಕೊಟ್ಟರು.

“ಮಿದುಳು ಬಿಸಿ ಆಗದ ಹಾಗೆ ಒಳಗೆ ತಂಪಿನ ನೀರು ಹರಿಯುತ್ತೆ ಮೇಡಂ.”

ಅದು ಗುಬ್ಬಿಯ ಬೆವರು. ತಲೆಗೆ ಸುತ್ತಿದ ಬಟ್ಟೆಯ ನೀರು ಯಾವಾಗಲೋ ಆರಿಹೋಗಿತ್ತು. ತಂಡದವರು ಊಟಕ್ಕೆ ಹೋಗುವ ತನಕ ನಮ್ಮ ಬೀಗವನ್ನೂ ತೆಗೆಯಲಿಲ್ಲ, ಯಂತ್ರದ ಮುಚ್ಚಳವನ್ನೂ ತೆಗೆಯಲಿಲ್ಲ. ತೆಗೆದಾಗ ಅವಳಿಗೆ ಪ್ರಜ್ಞೆ ಇರಲಿಲ್ಲ. ನನ್ನ ಗಂಡ ತಂಗಿಯನ್ನು ಮಗುವಿನ ಹಾಗೆ ಎತ್ತಿಕೊಂಡು ನಲ್ಲಿಯ ಹತ್ತಿರ ಓಡಿದ. ಮೋಟಾರಿಗೆ ತಾಗಿ ಬೆನ್ನಿನ ಚರ್ಮ ಸುಲಿದಿತ್ತು. ಸಾಹೇಬರು ಅವಳಿಗೆಂದು ಕೂಟದ ಚಿಹ್ನೆ ಇರುವ ಒಂದು ಟೋಪಿ ಕಳಿಸಿಕೊಟ್ಟರು. ಅದು ಅವಳಿಗೆ ಮೂಗಿನವರೆಗೂ ಇಳಿಯುತ್ತಿತ್ತು.

ಕೆಲವು ದಿನಗಳಲ್ಲಿ ಸುದ್ದಿ ಬಂತು. ಬೇರೆಯವರನ್ನೆಲ್ಲ ಕೈಬಿಟ್ಟು ಎರಡೇ ದೇಶಗಳನ್ನು ಉಳಿಸಿಕೊಂಡಿದ್ದರು, ಅದರಲ್ಲಿ ನಾವೊಂದು. ಪತ್ರಿಕೆಯ ತುಂಬ ಹುಲ್ಲಿನ ತಟ್ಟೆಯಲ್ಲಿ ಕೂತ ಹಕ್ಕಿಯ ಚಿತ್ರ, ಪಕ್ಕದಲ್ಲಿ ಸಾಹೇಬರ ಚಿತ್ರ. ಮನುಷ್ಯರ ಕೈ ಸೋಕದ ಮೈದಾನ ಎಂದು ದಪ್ಪಕ್ಷರದ ತಲೆಬರಹ. ಮೇಸ್ತ್ರಿ ಅದನ್ನು ಗಟ್ಟಿಯಾಗಿ ಓದಿ ಹೇಳಿದ. ನಾವೂ ಚಪ್ಪಾಳೆ ತಟ್ಟಿದೆವು. ತಟ್ಟಿದ್ದು ಎಂಥದ್ದಕ್ಕೆ ಎಂದು ಮಾರನೇ ವಾರ ತಿಳಿಯಿತು.

ಮಾರನೇ ವಾರ ಎಲ್ಲರಿಗೂ ನೋಟಿಸು ಬಂತು. ಮೈದಾನ ತನ್ನನ್ನು ತಾನೇ ನೋಡಿಕೊಳ್ಳುವುದರಿಂದ ಆಳುಗಳ ಅಗತ್ಯವಿಲ್ಲ. ತಂಡದ ಕೊನೆಯ ಭೇಟಿ ಮುಗಿದ ಮಾರನೇ ದಿನ ಮನೆ ಖಾಲಿ ಮಾಡಬೇಕು. ಅಲ್ಲಿಯವರೆಗೆ ಕೆಲಸ ಮಾಡಬಹುದು, ಆದರೆ ಕಾಣಿಸಿಕೊಳ್ಳಬಾರದು. ಮೇಸ್ತ್ರಿ ಒಬ್ಬೊಬ್ಬರಿಗೂ ನೋಟಿಸು ಕೊಟ್ಟು ಬಂದ. ಕೊನೆಗೆ ಕೈಯಲ್ಲಿ ಒಂದು ಉಳಿಯಿತು. ಅದು ಯಾರದು ಎಂದು ತಿರುಗಿಸಿ ನೋಡಿದ. ಅವನದೇ.

ಎಲ್ಲರೂ ಸಾಹೇಬರ ಕೋಣೆಗೆ ಹೋದೆವು. ನೀವು ಕೊಟ್ಟ ಮಾತು ಎಂದು ನಾನೇ ಶುರು ಮಾಡಿದೆ. ಸಾಹೇಬರಿಗೆ ಬೇಜಾರಾಗಿತ್ತು ಪಾಪ, ನಮಗಿಂತ ಹೆಚ್ಚಾಗಿ.

“ನೋಡಮ್ಮ, ಇಲ್ಲಿ ಆಳು ಬೇಕಿಲ್ಲ ಅಂತ ತಂಡದವರೇ ವರದಿ ಕೊಟ್ಟಿದಾರೆ. ಈಗ ನಿಮ್ಮನ್ನ ಇಟ್ಕೊಂಡ್ರೆ ವರದಿ ಸುಳ್ಳು ಅಂತಾಗುತ್ತೆ. ದೇಶದ ಮರ್ಯಾದೆ ಪ್ರಶ್ನೆ.”

“ಆ ಯಂತ್ರದೊಳಗೆ ಕೂತಿದ್ದು ನಾನೇ ಅಲ್ವಾ ಸಾರ್?” ಎಂದಳು ಗುಬ್ಬಿ.

“ಯಾವ ಯಂತ್ರದೊಳಗೆ?”

ಎಷ್ಟು ಮುಗ್ಧವಾಗಿ ಕೇಳಿದರೆಂದರೆ, ಕೂತಿದ್ದಳೋ ಇಲ್ಲವೋ ಎಂದು ಒಂದು ಗಳಿಗೆ ನನಗೇ ಅನುಮಾನ ಬಂತು. ನಮ್ಮ ಮನೆಯ ಗತಿ ಏನು ಸಾರ್ ಎಂದೆ. ಸಾಹೇಬರು ಗೋಡೆಯ ನಕ್ಷೆಯ ಕಡೆ ಕೈ ತೋರಿಸಿದರು.

“ಮನೆ ಎಲ್ಲಿದೆ ಹೇಳು? ಅಲ್ಲಿ ಕೆರೆ ಇದೆ.”

ನಾವು ಹೊರಡುವಾಗ ಗುಬ್ಬಿಯನ್ನು ಮಾತ್ರ ನಿಲ್ಲಿಸಿಕೊಂಡರು. ಮಿದುಳು ಇನ್ನೂ ಬಂದಿಲ್ಲ, ಕೊನೆಯ ಭೇಟಿಗೆ ಅವಳು ಬೇಕು. ಅವಳೊಬ್ಬಳನ್ನು ಮುಂದೆಯೂ ಇಟ್ಟುಕೊಳ್ಳಬಹುದು ಎಂದರು. ಆಳುಗಳ ಲೆಕ್ಕದಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ, ಬಿಡಿಭಾಗ ಎಂದು ತೋರಿಸಿದರಾಯಿತು, ಅದಕ್ಕೆ ಅವಕಾಶವಿದೆ ಎಂದರು. ಮಲಗಲು ಯಂತ್ರದ ಶೆಡ್ಡಿನಲ್ಲೇ ಜಾಗ ಕೊಡುತ್ತಾರಂತೆ.

ಅವಳು ಬಂದು ಇದನ್ನು ಹೇಳಿದಾಗ ನಾವೆಲ್ಲ ನಲ್ಲಿಯ ಹತ್ತಿರ ಸೇರಿದ್ದೆವು. ನನಗೆ ಅಳು ಬಂತು. ಗಂಡಸರು ಗೇಟಿನ ಮುಂದೆ ಕೂತು ಕೂಗೋಣ, ತಂಡದವರನ್ನು ತಡೆಯೋಣ ಎಂದರು. ಗುಬ್ಬಿ ಮಾತ್ರ, ನಾನು ಮತ್ತೆ ಯಂತ್ರದೊಳಗೆ ಕೂತೇ ಕೂರುತ್ತೇನೆ ಎಂದಳು. ನನ್ನ ಗಂಡನಿಗೆ ಸಿಟ್ಟು ನೆತ್ತಿಗೇರಿತು.

“ನಾಚಿಕೆ ಆಗಲ್ವಾ ನಿನಗೆ? ಬಿಡಿಭಾಗ ಅಂದವನ ಯಂತ್ರಕ್ಕೆ ಮತ್ತೆ ಹೋಗಿ ಬೆನ್ನು ಸುಟ್ಕೋತೀಯಾ?”

“ಕೇಳಣ್ಣ” ಎಂದಳು ಗುಬ್ಬಿ. “ಗೇಟಲ್ಲಿ ಕೂಗಿದ್ರೆ ಯಾರಿಗೆ ಕೇಳುತ್ತೆ? ಆ ಗೇಟಿಗೆ ನಮ್ಮ ಮುಖಾನೇ ಗೊತ್ತಿಲ್ಲ. ಅವರು ಬರ್ತಿರೋದು ಯಂತ್ರ ನೋಡೋಕೆ. ಅವರ ಕಣ್ಣು ಎಲ್ಲಿರುತ್ತೋ ನಾವು ಅಲ್ಲಿರಬೇಕು. ನೀವೆಲ್ಲ ಬಂದು ಹುಲ್ಲಿನ ಮೇಲೆ ಕೂತ್ಕೊಳ್ಳಿ. ಅಷ್ಟೇ ಸಾಕು.”

“ಯಂತ್ರ ಮೇಲೆ ಬಂದ್ರೆ?” ಎಂದು ಯಾರೋ ಕೇಳಿದರು.

“ಒಳಗಿರೋದು ನಾನಲ್ವಾ?”

ಮೇಸ್ತ್ರಿ ದೂರದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ತನ್ನ ಎರಡು ಕಿಟಕಿಯ ಕೋಣೆಗೆ ಹೋದ. ಇವನು ಚಾಡಿ ಹೇಳದೆ ಬಿಡುವುದಿಲ್ಲ ಅಂದುಕೊಂಡೆ.

ಕೊನೆಯ ಭೇಟಿಗೆ ತಂಡದವರು ಒಂದೇ ಒಂದು ಕೋರಿಕೆ ಇಟ್ಟಿದ್ದರು. ಹಕ್ಕಿಯನ್ನು ಉಳಿಸುವ ಆ ಮಿದುಳನ್ನು ಇನ್ನೊಮ್ಮೆ ನೋಡಬೇಕು, ಜಗತ್ತೆಲ್ಲ ನೋಡುವ ಹಾಗೆ ಟಿವಿಯಲ್ಲಿ ತೋರಿಸಬೇಕು. ಇಲ್ಲಿ ನೋಡಿದರೆ ಮರಿಗಳು ಎದ್ದು ಹಕ್ಕಿ ಯಾವಾಗಲೋ ಹಾರಿಹೋಗಿತ್ತು. ಸಾಹೇಬರು ಹೆದರುವವರೇ? ಅಂಗಡಿಯಿಂದ ಕೋಳಿಮೊಟ್ಟೆ ತರಿಸಿದರು. ಎಂಜಿನಿಯರ್ ಅದಕ್ಕೆ ಶಾಯಿಯಲ್ಲಿ ಚುಕ್ಕೆ ಇಟ್ಟ. ಹತ್ತಿ ತುಂಬಿದ ಒಂದು ಹಕ್ಕಿಯನ್ನು ಎಲ್ಲಿಂದಲೋ ತಂದು ಪಕ್ಕದಲ್ಲಿ ನಿಲ್ಲಿಸಿದರು. ಅದರ ಬೆಲೆಯ ಚೀಟಿ ಕಾಲಿಗೆ ಇನ್ನೂ ನೇತಾಡುತ್ತಿತ್ತು, ಮೇಸ್ತ್ರಿ ಕಿತ್ತ.

ಮೇಸ್ತ್ರಿ ನಮ್ಮನ್ನು ಮತ್ತೆ ಉಗ್ರಾಣಕ್ಕೆ ತುಂಬಿದ. ಬಾಗಿಲು ಎಳೆದುಕೊಂಡ. ಬೀಗ ಕೈಯಲ್ಲೇ ಇತ್ತು. ಅದನ್ನು ಒಂದು ಸಲ ನೋಡಿ ಜೇಬಿಗೆ ಹಾಕಿಕೊಂಡ.

“ಬೀಗ ಹಾಕೋದು ಮರ್ತೇ ಹೋಗುತ್ತೆ ನೋಡಿ, ವಯಸ್ಸಾಯ್ತು” ಎಂದ.

ತಂಡದವರು ಬಂದು ಕುರ್ಚಿಯಲ್ಲಿ ಕೂತರು. ಟಿವಿಯ ಕ್ಯಾಮೆರಾಗಳು ನೆಟ್ಟಗೆ ನಿಂತವು. ಯಂತ್ರ ಹೊರಟಿತು. ಸಾಹೇಬರು ಮೈಕು ಹಿಡಿದು, ಈಗ ನೋಡಿ, ಮೊಟ್ಟೆಯನ್ನು ಅದು ಹೇಗೆ ಗುರುತಿಸುತ್ತದೆ ನೋಡಿ ಎಂದರು. ಯಂತ್ರ ಮೊಟ್ಟೆಯ ಕಡೆಗೆ ಹೋಯಿತು. ನಿಲ್ಲಲಿಲ್ಲ. ನಿಧಾನವೂ ಆಗಲಿಲ್ಲ. ಮೊಟ್ಟೆಯ ಮೇಲೆ, ಹಕ್ಕಿಯ ಮೇಲೆ ನೇರ ಹೋಗಿಬಿಟ್ಟಿತು. ಹಿಂದಿನಿಂದ ಹಳದಿಯೂ ಹತ್ತಿಯೂ ಹಾರಿ ಸಾಹೇಬರ ಬೂಟಿನವರೆಗೆ ಬಂತು. ಮೇಡಂ ಅಯ್ಯೋ ಎಂದು ಎದ್ದು ನಿಂತರು. ಅದನ್ನು ತಿಳಿಯಲು ದುಭಾಷಿ ಬೇಕಾಗಲಿಲ್ಲ.

“ತಿನ್ನೋ ಮೊಟ್ಟೆ ಹಾಳಾಯ್ತಲ್ಲೇ” ಎಂದು ಮುದುಕಿ ಪೇಚಾಡಿದಳು. ನಾನು ಉಗ್ರಾಣದ ಬಾಗಿಲು ತಳ್ಳಿದೆ.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಗಂಡಸರು, ಹೆಂಗಸರು, ಕಂಕುಳಲ್ಲಿ ಕೂಸುಗಳು, ಎಲ್ಲರೂ ವಾಲಾಡುತ್ತಾ ಮೈದಾನದ ನಟ್ಟನಡುವೆ ಹೋಗಿ ಕೂತೆವು. ಕುಕ್ಕರಗಾಲಲ್ಲೇ, ದಿನಾ ಕೂರುವ ಹಾಗೆ. ಪಂಪಿನ ಕೀಲಿ ಕೈಯಲ್ಲಿ ಹಿಡಿದೇ ನನ್ನ ಗಂಡ ಬಂದಿದ್ದ. ಕಾವಲುಗಾರರು ಓಡಿ ಬರುತ್ತಿದ್ದರು. ಅವರಿಗಿಂತ ಮೊದಲು ಯಂತ್ರ ಬಂತು. ಗುರುಗುಟ್ಟುತ್ತಾ, ನೇರ ನಮ್ಮ ಮೇಲೆಯೇ. ಮಗಳು ನನ್ನ ಸೆರಗು ಹಿಡಿದುಕೊಂಡಳು. ಒಳಗೆ ಇರುವುದು ಗುಬ್ಬಿ ಎಂದು ಗೊತ್ತಿದ್ದರೂ ಅವಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡೆ. ಒಂದು ಮಾರು ದೂರದಲ್ಲಿ ಅದು ಗಕ್ಕನೆ ನಿಂತಿತು. ಹಿಂದಕ್ಕೆ ಸರಿಯಿತು. ನಮ್ಮ ಹತ್ತಿರ ಸ್ವಲ್ಪವೂ ಬಾರದೆ, ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿತು. ಕಾವಲುಗಾರರು ಯಂತ್ರ ದಾಟಲು ಹೆದರಿ ಅಲ್ಲೇ ನಿಂತರು. ಕತ್ತರಿಸಿದ ಬಯಲಿನ ನಡುವೆ ಉರುಟಾದ ಹುಲ್ಲಿನ ತಟ್ಟೆ, ಅದರೊಳಗೆ ನಾವು.

ಆಗ ಏನಾಯಿತು ಗೊತ್ತೇ? ಚಪ್ಪಾಳೆ. ತಂಡದವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಸಾಹೇಬರು ಹಳದಿಯಾದ ಬೂಟಿನಲ್ಲೇ ಮೈಕಿನ ಹತ್ತಿರ ಓಡಿದರು.

“ಮನುಷ್ಯರನ್ನೂ ಗುರುತಿಸುತ್ತೆ ಮೇಡಂ! ಇದು ಹೊಸದು!”

ನಾವು ಮನೆಗಾಗಿ ಬಂದು ಕೂತದ್ದೂ ಇವರ ತಮಾಷೆಯ ಪಟ್ಟಿಗೆ ಸೇರಿಹೋಗುತ್ತಿತ್ತು. ಇನ್ನು ಒಂದು ಗಳಿಗೆ ಸುಮ್ಮನಿದ್ದರೆ ಕೂಟವೂ ಇವರದು, ಕೆರೆಯೂ ಇವರದು. ಸಿಟ್ಟು ಬಂತು ನೋಡಿ, ಮೊಣಕಾಲಿನ ನೋವೂ ತಿಳಿಯಲಿಲ್ಲ. ಎದ್ದು ಹೋಗಿ ಯಂತ್ರದ ಚಿಲಕ ತೆಗೆದೆ. ಮುಚ್ಚಳ ಎತ್ತಿದೆ.

ಒಳಗಿನಿಂದ ಮೊದಲು ಹಬೆ ಬಂತು. ಆಮೇಲೆ ಮೂಗಿನವರೆಗೆ ಇಳಿದ ಟೋಪಿ ಬಂತು. ಅದನ್ನು ತೆಗೆದು ಬಿಸಾಕಿ ಗುಬ್ಬಿ ಹೊರಗೆ ಬಂದಳು. ಬೆನ್ನಿನ ಹಳೆಯ ಗಾಯ ಒಡೆದು ರವಿಕೆ ಒದ್ದೆಯಾಗಿತ್ತು. ಚಪ್ಪಾಳೆ ನಿಂತುಹೋಯಿತು. ಅವಳು ನನ್ನ ಭುಜ ಹಿಡಿದುಕೊಂಡು ಹುಲ್ಲಿನ ತಟ್ಟೆಯೊಳಗೆ ಬಂದಳು, ನಮ್ಮ ಜೊತೆ ಕೂತಳು. ಕೂದಲೆಳೆಯನ್ನೂ ಬಿಡದ ಕ್ಯಾಮೆರಾಗಳೆಲ್ಲ ಅವಳ ಕಡೆಗೆ ತಿರುಗಿದ್ದವು. ಕಂಬದ ಮೇಲಿನ ದೊಡ್ಡ ಪರದೆಯಲ್ಲಿ ಅವಳ ಮುಖ ಮನೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು.

ಮೇಡಂ ಹುಲ್ಲಿನ ಮೇಲೆ ನಡೆದು ಬಂದರು. ದುಭಾಷಿ ಹುಡುಗಿ ಹಿಂದೆ ಬಂದಳು. ಸಾಹೇಬರೂ ಬಂದರು, ಮೊದಲ ಸಲ ಹುಲ್ಲಿನ ಮೇಲೆ. ಮೇಡಂ ಗುಬ್ಬಿಯ ಎದುರಿಗೆ ಕುಕ್ಕರಿಸಿ ಏನೋ ಕೇಳಿದರು.

“ನೀವು ಯಾರು ಅಂತ ಕೇಳ್ತಿದಾರೆ” ಎಂದಳು ಹುಡುಗಿ, ಮೆಲ್ಲಗೆ.

ಗುಬ್ಬಿ ಕೈಯ ಹಿಂಬದಿಯಿಂದ ಮುಖ ಒರೆಸಿಕೊಂಡಳು.

“ಮಿದುಳು ಅಂತ ಹೇಳಮ್ಮ. ಇವರೆಲ್ಲ ಕೈಕಾಲು. ನಾವು ಇರೋದು ಅಗೋ ಅಲ್ಲಿ, ಕೆರೆ ಅಂತ ಬರೆದಿದಾರಲ್ಲ, ಅದರೊಳಗೆ. ನಾಳೆ ಖಾಲಿ ಮಾಡು ಅಂದಿದಾರೆ. ಮಾಡಲ್ಲ ಅಂತ ಹೇಳು.”

ದುಭಾಷಿ ಸಾಹೇಬರನ್ನು ನೋಡಿದಳು. ಸಾಹೇಬರು ಬೇಡ ಬೇಡ ಎಂದು ತಲೆ ಆಡಿಸುತ್ತಿದ್ದರು, ಕಣ್ಣಲ್ಲೇ ಗದರಿಸುತ್ತಿದ್ದರು. ಹುಡುಗಿ ಗಂಟಲು ಸರಿಮಾಡಿಕೊಂಡು ಮೇಡಂ ಕಡೆ ತಿರುಗಿದಳು. ಸಾಹೇಬರ ಭಾಷಣಗಳನ್ನೆಲ್ಲ ಎರಡು ಮಾತಲ್ಲಿ ಮುಗಿಸಿದವಳು ಈ ಸಲ ಉದ್ದಕ್ಕೆ ಹೇಳಿದಳು. ಹೇಳುತ್ತಾ ಪೂರ್ವಕ್ಕೆ ಕೈ ತೋರಿಸಿದಳು. ಮೇಡಂ ಎದ್ದು ನಿಂತು, ಗ್ಯಾಲರಿಯ ಆಚೆ ಕಾಣುವ ನಮ್ಮ ಸಾಲುಮನೆಯ ಹೊಗೆಯನ್ನು ನೋಡಿದರು. ನಾವು ಯಾರೂ ಏಳಲಿಲ್ಲ.